ಕಂಪನೀಲಿ ರೀಆರ್ಗ್ (ಟೀಮ್‌ಗಳನ್ನ ಒಡೆದು ಹೊಸದಾಗಿ ಜೋಡಿಸೋದು) ಬಂದ್ಮೇಲೆ ನಾನೇ ಬೇರೆ ಥರ ಆಗ್ಬಿಟ್ಟೆ. ಮ್ಯಾನೇಜರ್‌ಗಳಿಗೆ ಯಾಕೆ ಹಿಂಗಾಗುತ್ತೆ?

ಮಧ್ಯದ_ಮೆಟ್ಟಿಲು:

ಎಲ್ರಿಗೂ ನಮಸ್ಕಾರ. ಇಲ್ಲಿ ಬರೆಯೋದು ಇದೇ ಮೊದಲು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಒಂದೇ ಕಂಪನೀಲಿ ಹದಿಮೂರು ವರ್ಷ ಆಯ್ತು, ಅದ್ರಲ್ಲಿ ಆರು ವರ್ಷ ಮ್ಯಾನೇಜರ್ ಆಗಿ. ಮೊದ್ಲು ನಮ್ಮಲ್ಲಿ ಡಿಸೈನ್, ಡೆವಲಪ್‌ಮೆಂಟ್, ಟೆಸ್ಟಿಂಗ್ ಅಂತ ಬೇರೆ ಬೇರೆ ಡಿಪಾರ್ಟ್‌ಮೆಂಟ್ ಇತ್ತು, ನಾನು ಟೆಸ್ಟಿಂಗ್ ನೋಡ್ಕೋತಿದ್ದೆ. ಈಗ ಅದನ್ನೆಲ್ಲ ಒಡೆದು ಒಂದೊಂದು ಪ್ರಾಡಕ್ಟಿಗೆ ಒಂದೊಂದು ಟೀಮ್ ಮಾಡಿದ್ದಾರೆ, ಮಧ್ಯದ ಒಂದು ಲೇಯರ್ ತೆಗೆದಿದ್ದಾರೆ, ನಾನು ಸೈನ್ ಹಾಕ್ಬೇಕಿದ್ದ ಎಷ್ಟೋ ಅಪ್ರೂವಲ್ ಈಗ ಟೀಮಿನವರೇ ಕೊಟ್ಕೋಬಹುದು. ನಂಗೆ ವಿಷಯ ಗೊತ್ತಾಗಿದ್ದು ಗುರುವಾರ ಸಾಯಂಕಾಲ. ಸೋಮವಾರ ಬೆಳಿಗ್ಗೆ ನನ್ನ ಜನಕ್ಕೆ ನಾನೇ ಹೇಳ್ಬೇಕಿತ್ತು. ಒಂದು ಸ್ಲೈಡ್ ಸೆಟ್ ಕಳ್ಸಿದ್ರು, ಯಾವ ಪ್ರಶ್ನೆ ಬಂದ್ರೆ ಯಾವ ಉತ್ತರ ಅನ್ನೋದೂ ಅದ್ರಲ್ಲೇ ಇತ್ತು. ಓದಿ ಹೇಳ್ದೆ. ಹೇಳ್ತಾ ಇರೋವಾಗ ನನ್ನ ದನಿ ನಂಗೇ ಬೇರೆ ಯಾರದ್ದೋ ಅನ್ನಿಸ್ತು.

ಅದಾಗಿ ಐದು ವಾರ. ಮೊನ್ನೆ ಟೀಮಿನ ಒಬ್ಬ ಹುಡುಗ, ತುಂಬಾ ಮೆತ್ತಗಿನವನು, ನನ್ನ ಡೆಸ್ಕ್ ಹತ್ರ ಬಂದು ನಿಂತ್ಕೊಂಡು ಐಡಿ ಕಾರ್ಡಿನ ದಾರ ಬೆರಳಿಗೆ ಸುತ್ತೋದು ಬಿಚ್ಚೋದು ಮಾಡ್ತಾ "ಮೇಡಂ, ಈಗ ಎಲ್ಲಾ ಮೇಲ್‌ಗೂ ನಿಮ್ಮನ್ನ ಸಿಸಿ ಹಾಕ್ಬೇಕಾ, ಮೊದ್ಲು ನೀವು ಹಿಂಗಿರ್ಲಿಲ್ಲ" ಅಂದ. ಏನೋ ಒಂದು ಹೇಳಿ ಕಳ್ಸಿದೆ. ರಾತ್ರಿ ಕೂತು ಯೋಚ್ನೆ ಮಾಡಿದ್ರೆ ಅವನು ಹೇಳಿದ್ದು ಪೂರ್ತಿ ನಿಜ. ಎಲ್ಲಾ ಮೇಲ್‌ಗೂ ಸಿಸಿ ಕೇಳ್ತಿದ್ದೀನಿ, ದಿನಾ ಸಂಜೆ ಆರು ಗಂಟೆಗೆ ಸ್ಟೇಟಸ್ ಕಳ್ಸಿ ಅಂತ ಹೊಸ ರೂಲ್ ಮಾಡಿದ್ದೀನಿ, ಮೇಲಿಂದ ಬಂದ ಸುದ್ದಿನ ಎರಡು ಮೂರು ದಿನ ನನ್ನ ಹತ್ರಾನೇ ಇಟ್ಕೊಂಡು ಆಮೇಲೆ ಹೇಳ್ತಿದ್ದೀನಿ. ಇವೆಲ್ಲ ಹಳೇ ಬಾಸ್ ಮಾಡ್ತಿದ್ದಾಗ ನಾನೇ ಬೈಕೊಂಡಿದ್ದೆ!

ನಂಗೆ ಈ ಬದಲಾವಣೆ ಇಷ್ಟ ಇಲ್ಲ ಅಂತೇನಿಲ್ಲ, ಟೀಮ್ ಹಿಂಗಿರೋದೇ ಸರಿ ಅಂತ ಎರಡು ವರ್ಷದ ಹಿಂದೆ ನಾನೇ ಮೀಟಿಂಗಲ್ಲಿ ಹೇಳಿದ್ದೆ. ಹಂಗಿದ್ರೂ ಯಾಕೆ ಹಿಂಗೆ ಆಡ್ತಿದ್ದೀನಿ? ನಿಮಗ್ಯಾರಿಗಾದ್ರೂ ಹಿಂಗಾಗಿತ್ತಾ, ಹೆಂಗೆ ಹೊರಗೆ ಬಂದ್ರಿ?


ಶಿಫ್ಟ್_ಇನ್‌ಚಾರ್ಜ್:

ಅಕ್ಕಾರ, ನಮಸ್ಕಾರ್ರಿ. ಆಗೇತ್ರಿ, ನನಗೂ ಆಗೇತಿ. ನಾ ಫ್ಯಾಕ್ಟರಿಯೊಳಗ ಇರಾಂವ, ನಿಮ್ಮ ಸಾಫ್ಟ್‌ವೇರ್ ಮಂದಿ ಕೆಲಸ ನನಗ ತಿಳಿಯೂದಿಲ್ಲ, ಆದ್ರ ನೀವು ಹೇಳಿದ್ದು ಓದಿ ನನ್ನ ಕತೀನ ಅನಿಸ್ತು.

ನಮ್ಮಲ್ಲಿ ಪ್ರೊಡಕ್ಷನ್ ಲೆಕ್ಕ ಎಲ್ಲಾ ಕಂಪ್ಯೂಟರಿಗೆ ಹಾಕ್ಬೇಕು ಅಂತ ಹೊಸಾ ಸಿಸ್ಟಮ್ ಬಂತು. ಅದಕ್ಕಿಂತ ಮೊದಲ ನನ್ನ ಹತ್ರ ಒಂದು ಉದ್ದನ ರಿಜಿಸ್ಟರ್ ಇತ್ತು, ನೀಲಿ ಅಟ್ಟಿಂದು, ಮೂಲಿ ಎಲ್ಲಾ ಎಣ್ಣಿ ಹತ್ತಿ ಕರ್ರಗ ಆಗಿತ್ತು. ಯಾವ ಮಷೀನು ಯಾವ ಶಿಫ್ಟಿನ್ಯಾಗ ಎಷ್ಟು ಪೀಸ್ ಕೊಡ್ತೈತಿ, ಯಾವ ಡೈ (ಪೀಸ್ ಮಾಡೂ ಅಚ್ಚು) ಎಷ್ಟು ಹೊಡತಕ್ಕ ಸವೀತೈತಿ, ಎಲ್ಲಾ ಅದರಾಗ. ಪ್ಲಾನಿಂಗ್‌ನವರು, ಕ್ವಾಲಿಟಿಯವರು, ದೊಡ್ಡ ಸಾಹೇಬ್ರು ಸುದ್ದೆ ನನ್ನ ಟೇಬಲ್ಲಿಗೆ ಬಂದು ನಿಂತು ಕೇಳ್ತಿದ್ರು. ಸಿಸ್ಟಮ್ ಬಂದ ಮ್ಯಾಲ ಯಾರೂ ಬರಲಿಲ್ರಿ. ಸ್ಕ್ರೀನ್ ನೋಡ್ಕೊಂಡು ಹೋಗವ್ರು. ನಾ ಏನ್ ಮಾಡಿದ್ನಿ ಅಂದ್ರ ಎಂಟು ತಿಂಗಳು ಎರಡೂ ಕಡೆ ಬರದೆ, ಸಿಸ್ಟಮ್‌ನ್ಯಾಗ ಬರೇ ಕೇಳಿದಷ್ಟು, ರಿಜಿಸ್ಟರಿನ್ಯಾಗ ಖರೇ ಲೆಕ್ಕ. ಯಾರರ ಸ್ಕ್ರೀನ್ ನೋಡಿ ತಪ್ಪ ನಿರ್ಧಾರ ಮಾಡಿದ್ರ ಒಳಗೊಳಗ ಸಮಾಧಾನ ಆಗ್ತಿತ್ತು. ಈಗ ನೆನಸಿದ್ರ ನಾಚಿಕಿ ಬರ್ತೈತಿ, ಯಾಕಂದ್ರ ಅದರಿಂದ ತ್ರಾಸ ಆಗಿದ್ದು ನನ್ನ ಹುಡುಗೂರಿಗೆ, ಓವರ್‌ಟೈಮ್ ಮಾಡಿದವ್ರು ಅವ್ರು.

ನನ್ನ ಸಿಟ್ಟು ಕಂಪ್ಯೂಟರ್ ಮ್ಯಾಲ ಇರಲಿಲ್ರಿ. ಇಪ್ಪತ್ತು ವರ್ಷ ಕಲ್ತಿದ್ದು ಒಂದ ದಿನಕ್ಕ ಯಾರಿಗೂ ಬ್ಯಾಡಾತಲ್ಲ ಅನ್ನೂದು ಇತ್ತು. ನಿಮ್ಮ ಸೈನ್ ಹೋತು, ನನ್ನ ರಿಜಿಸ್ಟರ್ ಹೋತು, ಎರಡೂ ಒಂದ ನೋಡ್ರಿ.


ಕೋಡ್_ಕೂಲಿ:

ಮೇಡಂ, ತಪ್ಪು ತಿಳ್ಕೋಬೇಡಿ, ನಾನು ಮ್ಯಾನೇಜರ್ ಅಲ್ಲ, ನಿಮ್ಮ ಆ ಹುಡುಗನ ಜಾಗದಲ್ಲಿರೋನು. ನಂಗನ್ಸೋದು ಮ್ಯಾನೇಜರ್‌ಗಳಿಗೆ ಕುರ್ಚಿ ಭಯ, ಅಷ್ಟೇ. ಉಳಿದಿದ್ದೆಲ್ಲ ಆಮೇಲೆ ಕೊಡೋ ಕಾರಣ. ಹಿಂದಿನ ಕಂಪನೀಲಿ ನಮ್ಮ ಯುನಿಟ್ ಮುಚ್ತಾರೆ ಅಂತ ನಮ್ಮ ಮ್ಯಾನೇಜರಿಗೆ ಎರಡು ತಿಂಗಳು ಮುಂಚೆ ಗೊತ್ತಿತ್ತು. ನನ್ನ ಪಕ್ಕದ ಸೀಟಿನವನು ಆ ಎರಡು ತಿಂಗಳಲ್ಲಿ ಮನೆ ಲೋನಿಗೆ ಸೈನ್ ಹಾಕ್ದ, ಅದನ್ನ ಖುಷಿಯಿಂದ ಅವ್ರಿಗೇ ಹೋಗಿ ಹೇಳ್ದ, ಅವ್ರು ಕಂಗ್ರಾಟ್ಸ್ ಹೇಳಿ ಕೈ ಕುಲುಕಿದ್ರು. ನಾನು ಅಲ್ಲೇ ಇದ್ದೆ. ಆ ಕೈ ಕುಲುಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಶೇಕಡಾ 70ರಷ್ಟು ಬದಲಾವಣೆಗಳು ಫೇಲ್ ಆಗುತ್ತಂತೆ, ಅದಕ್ಕೆ ಕಾರಣ ಮಧ್ಯದಲ್ಲಿ ಕೂತಿರೋರು. ಎಲ್ಲಾ ಕಡೆ ಬರ್ದಿರ್ತಾರೆ ನೋಡಿ.


ಓದೋ_ಹುಚ್ಚು:

ಕೂಲಿ ಗುರು, ನಿನ್ನ ಸ್ನೇಹಿತನ ವಿಷಯ ಓದಿ ನಿಜವಾಗ್ಲೂ ಬೇಜಾರಾಯ್ತು, ಅದಕ್ಕೆ ಸಮರ್ಥನೆ ಇಲ್ಲ. ಆದ್ರೆ ಆ 70ರ ಲೆಕ್ಕ ಬಿಟ್ಬಿಡು. 1993ರಲ್ಲಿ ಮೈಕಲ್ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ ರೀಎಂಜಿನಿಯರಿಂಗ್ (ಕಂಪನಿ ಕೆಲಸದ ರೀತಿನೇ ಬುಡದಿಂದ ಬದಲಾಯಿಸೋದು) ಬಗ್ಗೆ ಬರೀತಾ ಶೇಕಡಾ 50ರಿಂದ 70ರಷ್ಟು ಕಂಪನಿಗಳಿಗೆ ಅಂದ್ಕೊಂಡ ಮಟ್ಟದ ಫಲ ಸಿಗಲ್ಲ ಅಂದ್ರು, ಇದು ವೈಜ್ಞಾನಿಕ ಅಂದಾಜಲ್ಲ ಅಂತ ಅಲ್ಲೇ ಅವ್ರೇ ಹೇಳ್ಕೊಂಡಿದ್ರು. ಅದು ಬಾಯಿಂದ ಬಾಯಿಗೆ ಹೋಗ್ತಾ ಎಲ್ಲಾ ಥರದ ಬದಲಾವಣೆಗೂ ಅಂಟ್ಕೊಳ್ತು. 2011ರಲ್ಲಿ ಮಾರ್ಕ್ ಹ್ಯೂಸ್ ಅನ್ನೋ ಸಂಶೋಧಕ ಈ ಅಂಕಿ ಎಲ್ಲೆಲ್ಲಿ ಬಂದಿದೆ ಅಂತ ಬೆನ್ನು ಹತ್ತಿ ಹೋದ್ರೆ ಯಾವುದರ ಹಿಂದೇನೂ ಗಟ್ಟಿ ಆಧಾರ ಸಿಗ್ಲಿಲ್ಲ. ಇದನ್ನ ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, ಹೆಂಗೂ ಫೇಲ್ ಆಗುತ್ತೆ ಅಂದ್ಕೊಂಡು ಶುರು ಮಾಡಿದ ಮ್ಯಾನೇಜರ್ ಅರ್ಧ ಮನಸ್ಸಲ್ಲೇ ಮಾಡ್ತಾನೆ, ಆ ಅಂಕಿ ಬರೀ ತಪ್ಪಲ್ಲ, ಹಾನಿನೂ ಮಾಡುತ್ತೆ.

ಮೆಟ್ಟಿಲು ಮೇಡಂ, ನೀವು ಕೇಳಿದ್ದಕ್ಕೆ ಬರ್ತೀನಿ. ನೀವು ವರ್ಣಿಸಿದ್ದಕ್ಕೆ ಹೆಸರೇ ಇದೆ, ಥ್ರೆಟ್ ರಿಜಿಡಿಟಿ ಅಂತ. 1981ರಲ್ಲಿ ಬ್ಯಾರಿ ಸ್ಟಾ ಅನ್ನೋ ಸಂಶೋಧಕ ಮತ್ತೆ ಅವರ ಇಬ್ಬರು ಸಹೋದ್ಯೋಗಿಗಳು ಬರೆದಿದ್ದು: ಅಪಾಯ ಅನ್ನಿಸಿದಾಗ ಮನುಷ್ಯರೂ ಸಂಸ್ಥೆಗಳೂ ಬಿಗಿಯಾಗ್ತವೆ. ಗಮನ ಕಿರಿದಾಗುತ್ತೆ, ಹೊಸ ಮಾಹಿತಿ ಒಳಗೆ ಬರೋದು ಕಡಿಮೆ ಆಗುತ್ತೆ, ನಿರ್ಧಾರ ಎಲ್ಲಾ ಮೇಲಕ್ಕೆ ಎಳ್ಕೋತೀವಿ, ಚೆನ್ನಾಗಿ ರೂಢಿಯಾಗಿರೋ ಹಳೇ ಅಭ್ಯಾಸಕ್ಕೇ ಇನ್ನೂ ಗಟ್ಟಿಯಾಗಿ ಅಂಟ್ಕೋತೀವಿ. ನಿಮ್ಮ ಸಿಸಿ, ಆರು ಗಂಟೆ ಸ್ಟೇಟಸ್, ಸುದ್ದಿ ಹಿಡಿದಿಟ್ಕೊಳ್ಳೋದು ಮೂರೂ ಅದೇನೇ. ಅಪಾಯ ಹಳೇ ಪೈಕಿದೇ ಆಗಿದ್ರೆ ಈ ಬಿಗಿತನ ಕೆಲಸಕ್ಕೆ ಬರಬಹುದು, ಯಾಕಂದ್ರೆ ಹಳೇ ಉಪಾಯ ನಡೆಯುತ್ತೆ. ಪರಿಸ್ಥಿತಿನೇ ಬೇರೆ ಆಗಿದ್ರೆ ಅದೇ ಮುಳುವಾಗುತ್ತೆ. ಬದಲಾವಣೆ ನೀವು ಒಪ್ಪಿದ್ದೇ ಆಗಿರ್ಬಹುದು, ಆದ್ರೆ ಅದು ಬಂದ ರೀತಿ, ಗುರುವಾರ ಸಂಜೆ ಹೇಳಿ ಸೋಮವಾರ ಓದಿಸಿದ್ದು, ಅದು ನಿಮಗೆ ಅಪಾಯದ ಥರಾನೇ ಕಂಡಿದೆ ಅನ್ಸುತ್ತೆ.


ಕೋಡ್_ಕೂಲಿ:

ಸರಿ, 70 ವಾಪಸ್ ತಗೋತೀನಿ. ಕೈ ಕುಲುಕಿದ್ದು ತಗೊಳ್ಳಲ್ಲ.


ಎಚ್ಚಾರ್_ಕಡೆಯವಳು:

ಕೂಲಿ ಅವರೇ, ತಗೋಬೇಡಿ. ನಾನು ಎಚ್ಚಾರ್‌ನಲ್ಲಿ ಇದ್ದೀನಿ, ಅಂಥ ಲಿಸ್ಟ್ ಕೈಯಲ್ಲಿ ಇಟ್ಕೊಂಡು ಜನರ ಮುಖ ನೋಡ್ಬೇಕಾದ ದಿನಗಳು ನಂಗೂ ಬಂದಿವೆ. ಕಾನೂನು ಕಾರಣಕ್ಕೆ ಕೆಲವೊಂದು ದಿನಾಂಕದವರೆಗೂ ಬಾಯಿ ಬಿಡೋ ಹಾಗಿರಲ್ಲ, ಅದು ನಿಜ. ಆದ್ರೆ ಬಾಯಿ ಬಿಡದೇ ಇರೋದು ಬೇರೆ, ಸುಳ್ಳು ನಗೋದು ಬೇರೆ. "ಮುಂದಿನ ಕೆಲವು ತಿಂಗಳು ಏನಾಗುತ್ತೆ ಅಂತ ಹೇಳೋ ಸ್ಥಿತೀಲಿ ನಾನಿಲ್ಲ, ದೊಡ್ಡ ಸಾಲಕ್ಕೆ ಸ್ವಲ್ಪ ತಡೀತೀಯಾ" ಅಂತ ಹೇಳಬಹುದಿತ್ತು. ಯಾವ ಗುಟ್ಟೂ ಬಿಟ್ಕೊಟ್ಟ ಹಾಗೆ ಆಗ್ತಿರ್ಲಿಲ್ಲ.

ನಾನು ಮ್ಯಾನೇಜರ್‌ಗಳಿಗೆ ಒಂದೇ ಒಂದು ಹೇಳ್ತೀನಿ, ಟೀಮ್ ಮುಂದೆ ಹೋಗೋ ಮುಂಚೆ ಒಂದು ಹಾಳೆ ತಗೊಂಡು ಮೂರು ಭಾಗ ಮಾಡಿ: ಗೊತ್ತಿರೋದು, ಗೊತ್ತಿಲ್ಲದ್ದು, ಗೊತ್ತಿದ್ರೂ ಇನ್ನೂ ಹೇಳಕ್ಕಾಗದ್ದು. ಮೂರನೇದು ಇದೆ ಅನ್ನೋದನ್ನೂ ಬಾಯಿಬಿಟ್ಟು ಹೇಳಿ. ಜನ ತಡ್ಕೋತಾರೆ. ಎಲ್ಲಾ ಗೊತ್ತಿರೋ ಹಾಗೆ ಮುಖ ಮಾಡ್ಕೊಂಡು ಓದೋದನ್ನ ತಡ್ಕೊಳ್ಳಲ್ಲ.

ಇನ್ನು ಮೇಡಂ, ಬದಲಾವಣೆ ಬಂದಾಗ ಮನಸ್ಸು ಹಾದು ಹೋಗೋ ಹಂತಗಳು ಅಂತ ತೋರಿಸೋ ಚೇಂಜ್ ಕರ್ವ್ ನೀವು ನೋಡಿರ್ಬಹುದು, ಮೊದ್ಲು ನಿರಾಕರಣೆ, ಆಮೇಲೆ ಕೋಪ, ಆಮೇಲೆ ಕುಸಿತ, ಕೊನೆಗೆ ಒಪ್ಪಿಗೆ. ನೀವೀಗ ಎರಡನೇದ್ರಲ್ಲಿ ಇದ್ದೀರಿ ಅನ್ಸುತ್ತೆ.


ಓದೋ_ಹುಚ್ಚು:

ಆ ಹಾಳೆ ಮೂರು ಭಾಗದ್ದು ತುಂಬಾ ಚೆನ್ನಾಗಿದೆ ಮೇಡಂ, ಬರ್ಕೊಂಡೆ. ಕರ್ವ್ ಬಗ್ಗೆ ಒಂದು ಮಾತು ಮಾತ್ರ. ಅದು ಮೂಲದಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಬರೆದಿದ್ದು, ಸಾವಿನ ಹತ್ರ ಇರೋ ರೋಗಿಗಳ ಜೊತೆ ಮಾತಾಡಿ. ಕಂಪನಿಗಳಿಗೆ ಅದನ್ನ ಆಮೇಲೆ ಬೇರೆಯವರು ಎಳ್ಕೊಂಡು ಬಂದಿದ್ದು. ಎಲ್ರೂ ಅದೇ ಸಾಲಲ್ಲಿ ಒಂದಾದ್ಮೇಲೊಂದು ಮೆಟ್ಟಿಲು ಇಳೀತಾರೆ ಅನ್ನೋದಕ್ಕೆ ಆಧಾರ ಕಡಿಮೆ. ನಂಗೆ ಅದ್ರಲ್ಲಿ ಹೆಚ್ಚು ತೊಂದ್ರೆ ಕಾಣೋದು ಏನಂದ್ರೆ, ಯಾರಾದ್ರೂ ಒಂದು ನ್ಯಾಯವಾದ ಆಕ್ಷೇಪ ಎತ್ತಿದ್ರೂ "ಓ, ಅವ್ರು ಇನ್ನೂ ಕೋಪದ ಹಂತದಲ್ಲಿದ್ದಾರೆ" ಅಂತ ಪಕ್ಕಕ್ಕೆ ಇಡ್ಬಹುದು. ಶಿಫ್ಟ್ ಇನ್‌ಚಾರ್ಜ್ ಸಾರ್ ಹೇಳಿದ ಸಿಸ್ಟಮ್‌ನಲ್ಲಿ ನಿಜವಾಗ್ಲೂ ಕೊರತೆ ಇತ್ತು ಅಂತ ನಂಗೆ ಅನುಮಾನ. ಇತ್ತಾ ಸಾರ್?


ಶಿಫ್ಟ್_ಇನ್‌ಚಾರ್ಜ್:

ಇತ್ತರೀ! ಡೈ ಬದಲಿ ಮಾಡೂ ಟೈಮ್ ಹಾಕಾಕ ಜಾಗಾನ ಇರಲಿಲ್ಲ. ಒಂದು ಪೀಸಿನಿಂದ ಇನ್ನೊಂದು ಪೀಸಿಗೆ ಹೋಗ್ಬೇಕಂದ್ರ ಮಷೀನು ನಿಲ್ಲಿಸಿ ಡೈ ಇಳಸಿ ಏರಸಿ ಸೆಟ್ ಮಾಡಾಕ ತಾಸುಗಟ್ಟಲೆ ಹೋಗ್ತೈತಿ, ಸ್ಕ್ರೀನ್ ಮ್ಯಾಲ ಅದು ಖಾಲಿ ಕೂತಂಗ ಕಾಣ್ತಿತ್ತು. ಹಂಗಾಗಿ ಪ್ಲಾನಿಂಗ್‌ನವ್ರು ದಿನಕ್ಕ ನಾಕು ಸಲ ಪೀಸ್ ಬದಲಿಸ್ರಿ ಅಂತಿದ್ರು. ನನಗ ಮೊದಲನೇ ವಾರದಾಗ ಗೊತ್ತಾಗಿತ್ತು. ಹೇಳಲಿಲ್ಲ ನಾ.

ಹೇಳಿದ್ದು ಹೆಂಗಂದ್ರ, ಪ್ಲಾಂಟ್ ಸಾಹೇಬ್ರು ಒಂದಿನ ಆ ಸಾಫ್ಟ್‌ವೇರ್ ಹುಡುಗಿನ ಕರ್ಕೊಂಡು ನನ್ನ ಟೇಬಲ್ಲಿಗೇ ಬಂದ್ರು. "ಇಕಿಗೆ ನಿಮ್ಮ ರಿಜಿಸ್ಟರ್ ತೋರಸ್ರಿ" ಅಂದ್ರು. ಸಿಟ್ಟಿಲೆ ಅಲ್ಲ. ರಿಜಿಸ್ಟರ್ ಐತಿ ಅಂತ ಅವ್ರಿಗೆ ಮೊದಲಿಂದ ಗೊತ್ತಿತ್ತಂತ. ಆ ಹುಡುಗಿ ಮೂರು ದಿನ ನನ್ನ ಬಾಜೂಕ ಸ್ಟೂಲ್ ಹಾಕ್ಕೊಂಡು ಕೂತ್ಲು, ಒಂದೊಂದು ಪುಟ ತಿರುವಿ ಇದ್ಯಾಕ ಬರದೀರಿ ಅದ್ಯಾಕ ಬರದೀರಿ ಅಂತ ಕೇಳಿದ್ಲು. ತಿಂಗಳ ನಂತರ ಸ್ಕ್ರೀನ್‌ನ್ಯಾಗ ಡೈ ಬದಲಿ ಕಾಲಮ್ ಬಂತು. ಅವತ್ತಿನಿಂದ ರಿಜಿಸ್ಟರ್ ಬರಿಯೂದು ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ.


ಓದೋ_ಹುಚ್ಚು:

ಸಾರ್, ನಿಮ್ಮ ಅನುಭವ ಓದ್ತಾ ಇದ್ರೆ 1948ರ ಒಂದು ಪ್ರಯೋಗದ ವರದಿನೇ ಓದಿದ ಹಾಗಾಯ್ತು. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವುಡ್ ಅಂತ ಪೈಜಾಮ ಹೊಲಿಯೋ ಫ್ಯಾಕ್ಟರಿ. ಕೆಲಸದ ರೀತಿ ಬದಲಾಯಿಸಿದಾಗೆಲ್ಲ ಉತ್ಪಾದನೆ ಬೀಳೋದು, ಜನ ಬಿಟ್ಟು ಹೋಗೋದು. ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಅನ್ನೋರು ಗುಂಪು ಬೇರೆ ಬೇರೆ ಮಾಡಿ ನೋಡಿದ್ರು. ಒಂದು ಗುಂಪಿಗೆ ಬರೀ ಹೇಳಿದ್ರು, ಇನ್ಮೇಲೆ ಹಿಂಗೆ ಅಂತ. ಇನ್ನೊಂದ್ರಲ್ಲಿ ಪ್ರತಿನಿಧಿಗಳ ಹತ್ರ ಚರ್ಚೆ ಮಾಡಿದ್ರು. ಉಳಿದ ಎರಡು ಗುಂಪಲ್ಲಿ ಎಲ್ಲರನ್ನೂ ಕೂರಿಸ್ಕೊಂಡು ಹೊಸ ರೀತಿನ ರೂಪಿಸಿದ್ರು. ಬರೀ ಹೇಳಿಸ್ಕೊಂಡ ಗುಂಪಲ್ಲಿ ಮೊದಲ 40 ದಿನದಲ್ಲೇ ಶೇಕಡಾ 17 ಜನ ಕೆಲಸ ಬಿಟ್ರು, ಉತ್ಪಾದನೆ ಮೇಲೆ ಏಳಲೇ ಇಲ್ಲ. ಎಲ್ರೂ ಸೇರಿ ಮಾಡಿದ ಗುಂಪುಗಳಲ್ಲಿ ಆ ಅವಧೀಲಿ ಒಬ್ರೂ ಬಿಡ್ಲಿಲ್ಲ, ಹಳೇ ಮಟ್ಟಕ್ಕಿಂತ ಸುಮಾರು ಶೇಕಡಾ 14ರಷ್ಟು ಮೇಲೇ ಹೋದ್ರು.

ಅವರ ಜೊತೆ ಆ ಫ್ಯಾಕ್ಟರೀಲಿ ಮುಂಚೆ ಕೆಲಸ ಮಾಡಿದ್ದವರು ಮನೋವಿಜ್ಞಾನಿ ಕರ್ಟ್ ಲೆವಿನ್. ಲೆವಿನ್ ಹೆಸರು ಹೇಳಿದ್ರೆ ಎಲ್ರಿಗೂ ಹೆಪ್ಪು ಕರಗಿಸು, ಬದಲಾಯಿಸು, ಮತ್ತೆ ಹೆಪ್ಪುಗಟ್ಟಿಸು ಅನ್ನೋ ಬದಲಾವಣೆಯ ಮೂರು ಹೆಜ್ಜೆ ನೆನಪಾಗುತ್ತೆ, ನಂಗೆ ಅದಕ್ಕಿಂತ ಇನ್ನೊಂದು ಮುಖ್ಯ. ಮುಂದಕ್ಕೆ ತಳ್ಳೋ ಬಲ ಜಾಸ್ತಿ ಮಾಡಿದ್ರೆ ಒತ್ತಡ ಏರುತ್ತೆ ಅಷ್ಟೇ, ಹಿಂದಕ್ಕೆ ಎಳೀತಿರೋದು ಏನು ಅಂತ ನೋಡಿ ಅದನ್ನ ಸಡಿಲಿಸ್ಬೇಕು ಅಂತಿದ್ರು. ನಿಮ್ಮ ಪ್ಲಾಂಟ್ ಸಾಹೇಬ್ರು ರಿಜಿಸ್ಟರ್ ಕಿತ್ಕೊಳ್ಲಿಲ್ಲ, ಅದನ್ನ ಯಾಕೆ ಬಿಡ್ತಿಲ್ಲ ಅಂತ ನೋಡಿದ್ರು.


ಹಳೇ_ಜಿಎಂ:

ನಾನು ಮೂರು ಸಲ ಇಂಥ ರೀಆರ್ಗ್ ಮೇಲಿನ ಕೋಣೇಲಿ ಕೂತು ಮಾಡಿದವನು, ಈಗ ಕೆಲಸದಿಂದ ನಿವೃತ್ತ. ಆ ಕಡೆಯಿಂದ ಏನಾಗುತ್ತೆ ಅಂತ ಹೇಳೋದು ನನ್ನ ಜವಾಬ್ದಾರಿ ಅನ್ನಿಸಿ ಬರೀತಿದ್ದೀನಿ.

ನಾವು ಐದಾರು ಜನ ತಿಂಗಳುಗಟ್ಟಲೆ ಚರ್ಚೆ ಮಾಡ್ತೀವಿ. ಮೊದಲ ವಾರ ನನಗೂ ಹೊಟ್ಟೆ ತೊಳಸಿದ ಹಾಗಾಗಿತ್ತು, ಇದು ಆಗಲ್ಲ ಅಂತ ಜಗಳ ಆಡಿದ್ದೆ, ನಿದ್ದೆ ಕೆಟ್ಟಿದ್ದೆ, ನಿಧಾನಕ್ಕೆ ಒಪ್ಪಿಗೆ ಆಗಿತ್ತು, ಆಮೇಲೆ ಉತ್ಸಾಹಾನೂ ಬಂತು. ಘೋಷಣೆ ಮಾಡೋ ದಿನಕ್ಕೆ ನಮಗದು ಹಳೇ ಸುದ್ದಿ. ಆಗ ನಾವು ಮಧ್ಯದ ಮ್ಯಾನೇಜರ್‌ಗಳನ್ನ ನೋಡಿ ಇವ್ರು ಯಾಕೆ ಇಷ್ಟು ಮೊಂಡು ಹಿಡೀತಾರೆ, ಯಾಕೆ ಮುಖ ಗಂಟಿಕ್ಕಿದ್ದಾರೆ ಅಂತ ಅನ್ಕೋತೀವಿ. ನನಗೆ ಆರು ತಿಂಗಳು ಬೇಕಾಗಿದ್ದಕ್ಕೆ ಅವರಿಗೆ ನಾಲ್ಕು ದಿನ ಕೊಟ್ಟಿದ್ದೆ. ಈ ಅಮ್ಮನ ಗುರುವಾರ ಮತ್ತು ಸೋಮವಾರ ಓದಿದಾಗ ಮೈ ಜುಂ ಅಂತು, ಯಾಕಂದ್ರೆ ಅದೇ ಗುರುವಾರ ನಾನು ಎಷ್ಟೋ ಜನಕ್ಕೆ ಮಾಡಿದ್ದೀನಿ. ಕ್ಷಮೆ ಕೇಳೋಕೆ ಈಗ ಅವರಲ್ಲಿ ಅರ್ಧ ಜನ ಎಲ್ಲಿದ್ದಾರೋ ಗೊತ್ತಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಾನು ಕೆಟ್ಟ ಸುದ್ದಿ ತಂದವರ ಮೇಲೆ ರೇಗ್ತಿದ್ದೆ. ರೇಗಿದ್ದು ಮೂರೋ ನಾಲ್ಕೋ ಸಲ ಇರಬಹುದು, ಆದ್ರೆ ಅಷ್ಟು ಸಾಕು. ಆಮೇಲೆ ಎರಡು ವರ್ಷ ನನ್ನ ಟೇಬಲ್ಲಿಗೆ ಬಂದ ರಿಪೋರ್ಟ್ ಎಲ್ಲಾ ಹಸಿರು, ಅಂದ್ರೆ ಎಲ್ಲಾ ಸರಿ ಇದೆ ಅಂತ.

ಇದಕ್ಕೆ ಉಲ್ಟಾ ನಡ್ಕೊಂಡವರ ಉದಾಹರಣೆ ಒಂದಿದೆ. 2006ರಲ್ಲಿ ಫೋರ್ಡ್ ಕಂಪನಿಗೆ ಬೋಯಿಂಗ್‌ನಿಂದ ಅಲನ್ ಮುಲಾಲಿ ಸಿಇಒ ಆಗಿ ಬಂದ್ರು. ಆ ವರ್ಷ ಫೋರ್ಡ್‌ಗೆ 1,200 ಕೋಟಿ ಡಾಲರಿಗೂ ಮೀರಿದ ನಷ್ಟ. ಪ್ರತಿ ಗುರುವಾರ ಎಲ್ಲಾ ದೊಡ್ಡ ಮ್ಯಾನೇಜರ್‌ಗಳೂ ತಮ್ಮ ತಮ್ಮ ವಿಭಾಗದ ಸ್ಥಿತಿನ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸ್ಬೇಕು ಅಂತ ಮಾಡಿದ್ರು. ವಾರಗಟ್ಟಲೆ ಎಲ್ಲಾ ಹಸಿರೇ. ಅಷ್ಟೊಂದು ನಷ್ಟ ಆಗ್ತಿದೆ, ಏನೂ ತೊಂದ್ರೆ ಇಲ್ವಾ ಅಂತ ಅವರೇ ಕೇಳ್ಬೇಕಾಯ್ತು. ಕೊನೆಗೆ ಮಾರ್ಕ್ ಫೀಲ್ಡ್ಸ್ ಅನ್ನೋರು ಎಡ್ಜ್ ಕಾರಿನ ಬಿಡುಗಡೆಗೆ ಕೆಂಪು ಹಾಕ್ಕೊಂಡು ಬಂದ್ರು, ಹಿಂಬದಿ ಬಾಗಿಲಿನ ಭಾಗದಲ್ಲಿ ಏನೋ ದೋಷ ಇತ್ತು. ಕೋಣೆಯೆಲ್ಲ ಸುಮ್ಮನಾಯ್ತು, ಈತನ ಕತೆ ಮುಗೀತು ಅಂತಾನೇ ಎಲ್ರೂ ಅಂದ್ಕೊಂಡಿದ್ದು. ಮುಲಾಲಿ ಚಪ್ಪಾಳೆ ತಟ್ಟಿ, ಇದಕ್ಕೆ ಯಾರು ಸಹಾಯ ಮಾಡ್ತೀರಿ ಅಂತ ಕೇಳಿದ್ರು. ಮುಂದಿನ ವಾರಗಳಲ್ಲಿ ಉಳಿದವರ ಚಾರ್ಟಲ್ಲೂ ಕೆಂಪು ಬರತೊಡಗಿತು. ಅವತ್ತು ಅವರು ಬೈದಿದ್ರೆ ಆಮೇಲೆ ಎಷ್ಟು ಟೌನ್‌ಹಾಲ್ (ಎಲ್ಲಾ ನೌಕರರ ಸಭೆ) ಮಾಡಿ ಎಷ್ಟು ಭಾಷಣ ಮಾಡಿದ್ರೂ ಪ್ರಯೋಜನ ಇರ್ತಿರ್ಲಿಲ್ಲ ಅಂತ ನನ್ನ ಅನುಭವದಿಂದ ಹೇಳಬಲ್ಲೆ.


ಕೋಡ್_ಕೂಲಿ:

ಜಿಎಂ ಸಾರ್, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಒಂದು ಕೇಳ್ಲೇಬೇಕು. ಮಧ್ಯದವರು ಮೇಲಿನವರಿಗೆ ಹೆದರ್ತಾರೆ ಅಂತ ಒಪ್ಕೊಂಡೆ. ಆದ್ರೆ ಹೆದರಿಕೆ ಕೆಳಗೆ ಯಾಕೆ ಹಂಚ್ತಾರೆ? ನಾವು ಯಾರ ಮೇಲೆ ಹಂಚೋದು?


ಹಳೇ_ಜಿಎಂ:

ನಿಮ್ಮ ಪ್ರಶ್ನೆಗೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲಪ್ಪ. ಹೆದರಿಕೆ ಇದೆ ಅಂತ ನನಗೇ ಗೊತ್ತಿರಲಿಲ್ಲ, ನಾನು ಅದನ್ನ ಶಿಸ್ತು ಅಂತ ಕರೀತಿದ್ದೆ.


ಓದೋ_ಹುಚ್ಚು:

ಇಲ್ಲಿ ನೋಕಿಯಾ ವಿಷಯ ತರ್ಲೇಬೇಕು, ಯಾಕಂದ್ರೆ ಅದು ಸರಿಯಾಗಿ ಇದೇನೇ. 2016ರಲ್ಲಿ ತಿಮೊ ವುವೊರಿ ಮತ್ತು ಕ್ವಿ ಹುಯ್ ಅನ್ನೋರು ನೋಕಿಯಾದ ಮೇಲಿನ ಮತ್ತು ಮಧ್ಯದ ಮ್ಯಾನೇಜರ್‌ಗಳು, ಎಂಜಿನಿಯರ್‌ಗಳು, ಹೊರಗಿನ ತಜ್ಞರು ಹೀಗೆ ಒಟ್ಟು 76 ಸಂದರ್ಶನ ಮಾಡಿ ಬರೆದ್ರು, 2005ರಿಂದ 2010ರ ನಡುವೆ ಒಳಗೆ ಏನಾಯ್ತು ಅಂತ. ಮೇಲಿನವರಿಗೆ ಹೊರಗಿನ ಭಯ, ಆ್ಯಪಲ್ ಮುಂದೆ ಹೋಗ್ತಿದೆ, ಷೇರುದಾರರು ಏನಂತಾರೆ. ಅದಕ್ಕೆ ಬೇಗ ಬೇಗ ಅಂತ ಒತ್ತಡ ಹಾಕೋರು, ಆದ್ರೆ ಆ ಭಯ ಎಷ್ಟು ದೊಡ್ಡದು ಅಂತ ಕೆಳಗೆ ಪೂರ್ತಿ ಹೇಳ್ತಿರ್ಲಿಲ್ಲ. ಮಧ್ಯದವರಿಗೆ ಒಳಗಿನ ಭಯ, ಆಗಲ್ಲ ಅಂದ್ರೆ ಕೆಲಸಕ್ಕೇ ಕುತ್ತು. ತಮ್ಮ ಫೋನ್ ಓಡಿಸೋ ಸಿಂಬಿಯನ್ ಸಾಫ್ಟ್‌ವೇರ್ ಐಫೋನಿಗೆ ಸಾಟಿ ಆಗೋ ಹಾಗೆ ಬೇಗ ಸಿದ್ಧ ಆಗಲ್ಲ ಅಂತ ಗೊತ್ತಿದ್ರೂ ಆಗುತ್ತೆ ಅನ್ನೋರು. ಮೇಲಿನವರು ಅದನ್ನೇ ನಂಬಿ ಇನ್ನೂ ಜಾಸ್ತಿ ಕೇಳೋರು. ಕೊನೆಗೆ ಫೋನ್ ವ್ಯಾಪಾರ ಮೈಕ್ರೋಸಾಫ್ಟ್‌ಗೆ ಮಾರೋದಾಗಿ 2013ರಲ್ಲಿ ಘೋಷಣೆ ಆಯ್ತು, ಕೊಟ್ಟಿದ್ದು 2014ರಲ್ಲಿ. ಆ ಕಂಪನೀಲಿ ಜಾಣರಿಗೆ, ದುಡ್ಡಿಗೆ, ಪೇಟೆಂಟ್‌ಗೆ ಕೊರತೆ ಇರ್ಲಿಲ್ಲ.

ಅದೇ ಕ್ವಿ ಹುಯ್ 2001ರಲ್ಲಿ ಮಧ್ಯದ ಮ್ಯಾನೇಜರ್‌ಗಳ ಪರವಾಗಿ ಬರೆದಿದ್ರು ಅನ್ನೋದನ್ನೂ ಹೇಳ್ಬೇಕು. ಬದಲಾವಣೆ ಹೊತ್ತಲ್ಲಿ ಕೆಳಗಿನವರ ಆತಂಕ ಕೇಳಿಸ್ಕೊಂಡು, ಮೇಲಿನವರ ಅವಸರ ತಡೆದು, ದಿನದ ಕೆಲಸ ನಿಲ್ಲದ ಹಾಗೆ ನೋಡ್ಕೊಳ್ಳೋರು ಅವ್ರೇ, ಅವ್ರನ್ನ ಕೊಬ್ಬು ಅಂತ ಕತ್ತರಿಸಿ ಬಿಸಾಕಿದ್ರೆ ಬದಲಾವಣೆ ಹೊರೋಕೇ ಯಾರೂ ಇರಲ್ಲ ಅಂತ. ಅಂದ್ರೆ ಅದೇ ಜಾಗದಲ್ಲಿರೋ ಮನುಷ್ಯ ಒಂದು ಕಂಪನೀಲಿ ಸುಳ್ಳು ಹಸಿರು ಕಳ್ಸ್ತಾನೆ, ಇನ್ನೊಂದ್ರಲ್ಲಿ ಎಲ್ಲರನ್ನೂ ಹಿಡಿದು ನಿಲ್ಲಿಸ್ತಾನೆ. ಕೂಲಿ, ಅದಕ್ಕೇ ಎಲ್ಲಾ ಮ್ಯಾನೇಜರ್‌ಗಳೂ ಕುರ್ಚಿ ಭಯದವರು ಅಂದಾಗ ನಂಗೆ ಒಪ್ಕೊಳ್ಳೋಕೆ ಕಷ್ಟ ಆಗಿದ್ದು.


ಶಿಫ್ಟ್_ಇನ್‌ಚಾರ್ಜ್:

ಕೆಂಪು ಹಸಿರಿನ ಮಾತು ಬಂತಂದ್ರ ನಮ್ಮ ಕಡೆ ಟ್ರೇನಿಂಗ್‌ನ್ಯಾಗ ಹೇಳೂ ಒಂದು ಉದಾಹರಣೆ ಐತ್ರಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ್ಯಾಗ ಜನರಲ್ ಮೋಟಾರ್ಸ್‌ಂದು ಒಂದು ಪ್ಲಾಂಟ್ ಇತ್ತು, ದಿನಾ ಶೇಕಡಾ 20 ಮಂದಿ ಕೆಲಸಕ್ಕ ಬರ್ತಿರಲಿಲ್ಲ, 1982ಕ್ಕ ಮುಚ್ಚಿದ್ರು. 1984ಕ್ಕ ಟೊಯೋಟಾ ಜೋಡಿ ಸೇರಿ ಅದನ್ನ ಮತ್ತ ತೆಗದ್ರು, ನುಮ್ಮಿ ಅಂತ ಹೆಸರಿಟ್ರು. ಮಂದಿ ಬಹಳ ಮಟ್ಟಿಗೆ ಅವರ, ಯೂನಿಯನ್ನೂ ಅದ. ಗೈರುಹಾಜರಿ ಶೇಕಡಾ 2ಕ್ಕ ಇಳೀತು. ಅಲ್ಲಿ ಬದಲಾಗಿದ್ದು ಮ್ಯಾನೇಜರ್ ನಡತಿ. ತೊಂದ್ರಿ ಕಂಡ್ರ ಯಾವ ಕೆಲಸಗಾರ ಬೇಕಾದ್ರೂ ಲೈನ್ ಬಾಜೂಕ ಕಟ್ಟಿದ ಹಗ್ಗ ಜಗ್ಗಬಹುದು, ಜಗ್ಗಿದ ಕೂಡ್ಲೆ ಟೀಮ್ ಲೀಡರ್ ಬಂದು ಏನಾತಪಾ ಅಂತ ಕೇಳಿ ಕೈ ಹಚ್ಚಬೇಕು, ಅಷ್ಟರಾಗ ಸರಿ ಆಗಲಿಲ್ಲಂದ್ರ ಲೈನ್ ನಿಲ್ತೈತಿ. ಮೊದಲ ಲೈನ್ ನಿಲ್ಲಿಸೂದಂದ್ರ ದೊಡ್ಡ ತಪ್ಪಾಗಿತ್ತು. ಜನರಲ್ ಮೋಟಾರ್ಸ್‌ನವ್ರು ಇದನ್ನ ನೋಡಿ ತಮ್ಮ ಬ್ಯಾರೆ ಪ್ಲಾಂಟಿನ್ಯಾಗ ಹಗ್ಗ ಕಟ್ಟಿದ್ರು, ಆದ್ರ ಹಗ್ಗ ಜಗ್ಗಿದವನ್ನ ನೋಡೂ ಕಣ್ಣು ಲಗೂ ಬದಲಾಗಲಿಲ್ಲ, ಅದಕ್ಕ ಬಹಳ ವರ್ಷ ಹಿಡೀತು.

ಅಕ್ಕಾರ, ನಿಮ್ಮ ಆ ಹುಡುಗ ಐಡಿ ಕಾರ್ಡ್ ದಾರ ಬೆರಳಿಗೆ ಸುತ್ತಿದ್ನಲ್ಲ, ಅವನೂ ಹಗ್ಗನ ಜಗ್ಗಿದಾನ.


ಮಧ್ಯದ_ಮೆಟ್ಟಿಲು:

ಎಲ್ಲಾ ಓದಿದೆ, ಎರಡೆರಡು ಸಲ ಓದಿದೆ. ಶಿಫ್ಟ್ ಇನ್‌ಚಾರ್ಜ್ ಅಣ್ಣ, ನಿಮ್ಮ ಆ ಕೊನೇ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನನ್ನ ರಿಜಿಸ್ಟರ್ ಯಾವುದು ಅಂತ ಹುಡುಕ್ದೆ. ಸಾಫ್ಟ್‌ವೇರಿನ ಯಾವ ರಿಲೀಸ್ ಕಸ್ಟಮರಿಗೆ ಹೋಗ್ಬಹುದು ಯಾವುದು ಹೋಗ್ಬಾರ್ದು ಅಂತ ವಾಸನೆ ಹಿಡಿಯೋದು ನಂಗೆ ಚೆನ್ನಾಗಿ ಬರುತ್ತೆ, ಆರು ವರ್ಷದಿಂದ ಎಲ್ರೂ ಅದಕ್ಕೇ ನನ್ನ ಹತ್ರ ಬರ್ತಿದ್ರು. ಆ ಅಪ್ರೂವಲ್ ಹೋದಾಗ ಆ ಬರೋದೂ ನಿಲ್ತು. ಸಿಸಿಯಿಂದ ಅದನ್ನ ವಾಪಸ್ ತರೋಕೆ ನೋಡ್ತಿದ್ದೆ ಅನ್ಸುತ್ತೆ. ಹೊಸ ವ್ಯವಸ್ಥೇಲಿ ನನ್ನ ಕೆಲಸ ಏನು ಅಂತ ಯಾರೂ ನಂಗೆ ಹೇಳಿಲ್ಲ, ನಾನೂ ಕೇಳಿಲ್ಲ. ಕೇಳಿದ್ರೆ "ನಿಮ್ಮ ಕೆಲಸ ಏನೂ ಇಲ್ಲ" ಅನ್ನೋ ಉತ್ತರ ಬಂದುಬಿಟ್ರೆ ಅನ್ನೋ ಭಯ, ಇದನ್ನ ಇಲ್ಲಿ ಮೊದಲ ಸಲ ಬರೀತಿದ್ದೀನಿ.

ಶುಕ್ರವಾರ ನನ್ನ ಡೈರೆಕ್ಟರ್ ಹತ್ರ ಹೋಗಿ ನೇರವಾಗಿ ಕೇಳ್ದೆ. ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ "ನನಗೂ ಪೂರ್ತಿ ಗೊತ್ತಿಲ್ಲ, ನೀವೇ ಒಂದು ಪುಟ ಬರ್ಕೊಂಡು ಬನ್ನಿ" ಅಂದ್ರು. ಕೋಪ ಬರ್ಬೇಕಿತ್ತು, ಸಮಾಧಾನ ಆಯ್ತು.


ಎಚ್ಚಾರ್_ಕಡೆಯವಳು:

ಮೇಡಂ ಆ ಪುಟ ಒಬ್ಬರೇ ಬರೀಬೇಡಿ. ಬೇರೆ ಟೀಮಿನ ನಿಮ್ಮಂಥ ಮ್ಯಾನೇಜರ್‌ಗಳನ್ನ ಕರ್ಕೊಳ್ಳಿ. ನಾನು ನೋಡಿರೋ ಪ್ರಕಾರ ಘೋಷಣೆ ಆದ್ಮೇಲೆ ಅದರ ಅರ್ಥ ಏನು ಅನ್ನೋದು ಸ್ಲೈಡ್‌ನಿಂದ ತೀರ್ಮಾನ ಆಗಲ್ಲ, ಲಿಫ್ಟ್ ಹತ್ರ, ಪಾರ್ಕಿಂಗಲ್ಲಿ, ಮೀಟಿಂಗ್ ಮುಗಿದ್ಮೇಲಿನ ಐದು ನಿಮಿಷದಲ್ಲಿ ಮ್ಯಾನೇಜರ್‌ಗಳು ತಮ್ಮ ತಮ್ಮಲ್ಲೇ ಮಾತಾಡ್ಕೊಂಡು ತೀರ್ಮಾನ ಮಾಡ್ತಾರೆ.


ಓದೋ_ಹುಚ್ಚು:

ಹೌದು, ಜೂಲಿಯಾ ಬಲೋಗನ್ ಮತ್ತು ಗೆರಿ ಜಾನ್ಸನ್ ಅನ್ನೋ ಸಂಶೋಧಕರು 2004ರಲ್ಲಿ ಇದನ್ನೇ ತೋರಿಸಿದ್ರು. ಒಂದು ಕಂಪನಿ ಒಡೆದು ಬೇರೆ ಬೇರೆ ವಿಭಾಗ ಮಾಡಿದಾಗ ಮಧ್ಯದ ಮ್ಯಾನೇಜರ್‌ಗಳಿಗೆ ಡೈರಿ ಬರೆಯೋಕೆ ಹೇಳಿ ಹಿಂಬಾಲಿಸಿದ್ರು. ಮೇಲಿನವರು ಅಷ್ಟಾಗಿ ಇಲ್ಲದ ಜಾಗದಲ್ಲಿ, ಮ್ಯಾನೇಜರ್‌ಗಳ ಅಡ್ಡಡ್ಡ ಮಾತುಕತೆಯಲ್ಲೇ ಬದಲಾವಣೆಗೆ ರೂಪ ಬಂದಿದ್ದು.


ಮಧ್ಯದ_ಮೆಟ್ಟಿಲು:

ಮೂರು ವಾರ ಆದ್ಮೇಲೆ ಬರೀತಿದ್ದೀನಿ, ಏನಾಯ್ತು ಅಂತ ಕೆಲವರು ಕೇಳಿದ್ರಿ.

ಆರು ಗಂಟೆ ಸ್ಟೇಟಸ್ ತೆಗೆದೆ. ಸಿಸಿ ಬೇಡ ಅಂದೆ. ನಾವು ನಾಲ್ಕು ಜನ ಮ್ಯಾನೇಜರ್ ಸೇರಿ ಆ ಪುಟ ಬರೆದ್ವಿ, ಡೈರೆಕ್ಟರ್ ಅದ್ರಲ್ಲಿ ಎರಡು ಸಾಲು ಹೊಡೆದು ಹಾಕಿ ಉಳಿದಿದ್ದಕ್ಕೆ ಒಪ್ಪಿದ್ರು. ರಿಲೀಸ್ ವಾಸನೆ ಹಿಡಿಯೋದನ್ನ ಟೀಮಿನವರಿಗೆ ಕಲಿಸೋದು ಈಗ ನನ್ನ ಕೆಲಸಗಳಲ್ಲಿ ಒಂದು, ವಾರಕ್ಕೆ ಎರಡು ಗಂಟೆ. ದೊಡ್ಡ ಕಸ್ಟಮರ್ ರಿಲೀಸಿನ ಸೈನ್ ಮಾತ್ರ ಇನ್ನೂ ಬಿಟ್ಟಿಲ್ಲ, ಅದ್ರ ಬಗ್ಗೆ ಜಗಳ ನಡೀತಿದೆ, ನನ್ನ ಪ್ರಕಾರ ನಾನೇ ಸರಿ.

ಟೀಮ್ ಮೀಟಿಂಗಲ್ಲಿ ಮೂರು ಭಾಗದ ಹಾಳೆ ಹಿಡ್ಕೊಂಡು ಹೋಗಿ ಗೊತ್ತಿಲ್ಲದ್ದು ಏನೇನು ಅಂತ ಓದ್ದೆ. ಆ ಸೋಮವಾರ ಸ್ಲೈಡ್ ಓದಿದ್ದು ನಂದಲ್ಲದ ಮಾತು ಅಂತಾನೂ ಹೇಳ್ದೆ. ಯಾರೂ ಏನೂ ಮಾತಾಡ್ಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ರು, ಎದ್ದು ಹೋದ್ರು. ನಾನು ಹೇಳಿದ್ದು ಪ್ರಯೋಜನಕ್ಕೆ ಬರ್ಲಿಲ್ಲ ಅಂದ್ಕೊಂಡೆ. ಸಾಯಂಕಾಲ ಒಬ್ಬಳು ಬಂದ್ಲು, ಬಾಗಿಲು ಹಾಕ್ಲಾ ಅಂತ ಕೇಳಿದ್ಲು, ಆಮೇಲೆ ಟೆಸ್ಟ್ ಸರ್ವರ್ ಒಂಬತ್ತು ದಿನದಿಂದ ಸರಿಯಾಗಿ ಓಡ್ತಿಲ್ಲ, ಹಳೇ ರಿಸಲ್ಟನ್ನೇ ಸ್ಟೇಟಸ್‌ನಲ್ಲಿ ಹಾಕ್ತಿದ್ವಿ ಅಂದ್ಲು. ಒಂಬತ್ತು ದಿನ. ನಾನು ಪ್ರತಿ ಸಂಜೆ ಆರು ಗಂಟೆಗೆ ಅದನ್ನ ಓದಿ ಮೇಲಕ್ಕೆ ಕಳ್ಸ್ತಿದ್ದೆ.


ಕೋಡ್_ಕೂಲಿ:

ಮೇಡಂ, ಅವಳಿಗೆ ಏನಂದ್ರಿ?


ಮಧ್ಯದ_ಮೆಟ್ಟಿಲು:

ಒಂಬತ್ತು ದಿನ ಯಾಕೆ ಹೇಳ್ಲಿಲ್ಲ ಅಂತ ನಾಲಿಗೆ ತುದಿವರೆಗೂ ಬಂದಿತ್ತು. ಕೇಳ್ಲಿಲ್ಲ. ಸರಿ ಮಾಡೋಕೆ ಏನ್ ಬೇಕು ಅಂದೆ. ಇಬ್ರು ಜನ, ಎರಡು ದಿನ ಅಂದ್ಲು. ಕೊಟ್ಟೆ. ಮೇಲಕ್ಕೆ ಮೇಲ್ ನಾನೇ ಬರೆದೆ, ಅವಳ ಹೆಸರು ಹಾಕ್ದೆ.